ಅಂಗೈಯಗಲದ ಅಮೆರಿಕನ್ ಕಾರುಗಳು, ಅರಬೈಲ್ ಘಟ್ಟದ ಲಾರಿಗಳು



ಮುಂಡಗೋಡದ ನಮ್ಮ ಮನೆಗೆ ಬಂದವರು ಪುಸ್ತಕದ ಕಪಾಟಿನ ಗಾಜಿನ ಹಿಂದೆ ಸಾಲಾಗಿ ನಿಂತ ಪುಟ್ಟ ಕಾರುಗಳನ್ನು ಕಂಡು, "ಸರ್, ಇವು ಮೊಮ್ಮಕ್ಕಳ ಆಟಿಗೆಗಳೇ?" ಎಂದು ಕೇಳುವುದುಂಟು. ಇವು ಹಳೆಯ ಅಮೆರಿಕನ್ ಕಾರುಗಳ ಡೈ-ಕಾಸ್ಟ್ ಮಾದರಿಗಳು; ಕೆಲವು ನಾನು ಕೊಂಡವು, ಕೆಲವು ವಿದೇಶದಲ್ಲಿರುವ ನೀವು ಪ್ರೀತಿಯಿಂದ ತಂದುಕೊಟ್ಟವು. ಈ ಹವ್ಯಾಸಕ್ಕೊಂದು ಇತಿಹಾಸವಿದೆ. ಅದನ್ನು ಅರಸುತ್ತ ಹೋದರೆ ನಮ್ಮ ಕರ್ನಾಟಕದ ಇತಿಹಾಸದ ಒಂದು ತುಣುಕೂ ಎದುರಾಗುತ್ತದೆ.

ಭೂಪಟಕ್ಕೆ ಪ್ರಮಾಣವಿರುವಂತೆ ಈ ಮಾದರಿಗಳಿಗೂ ಪ್ರಮಾಣವುಂಟು. 1957ರ ಷೆವರ್ಲೆ ಬೆಲ್ ಏರ್ ಕಾರಿನ ಉದ್ದ ಸುಮಾರು 508 ಸೆಂಟಿಮೀಟರ್. 1:18ರ ಪ್ರಮಾಣದಲ್ಲಿ ಅದು 28 ಸೆಂಟಿಮೀಟರ್ ಆಗುತ್ತದೆ, 1:43ರಲ್ಲಿ 12, 1:64ರಲ್ಲಿ ಕೇವಲ 8. ಈ 43 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಆಟಿಗೆ ರೈಲಿನಿಂದ. ಬ್ರಿಟನ್ನಿನ 'ಓ' ಗೇಜ್ ಮಾದರಿ ರೈಲಿನಲ್ಲಿ ಒಂದು ಅಡಿಗೆ 7 ಮಿಲಿಮೀಟರ್ ಲೆಕ್ಕ. ರೈಲಿನ ಪಕ್ಕದಲ್ಲಿ ನಿಲ್ಲಿಸುವ ಕಾರೂ ಅದೇ ಅಳತೆಯಲ್ಲಿರಬೇಕಲ್ಲವೇ? ಭಾಗಿಸಿ ನೋಡಿದರೆ ಉತ್ತರ 43.5.

ಕರಗಿದ ಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ನುಗ್ಗಿಸುವುದೇ ಡೈ-ಕಾಸ್ಟಿಂಗ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಷಿಕಾಗೋದ ಡೌಸ್ಟ್ ಸಹೋದರರು ಹೀಗೆ ಪುಟ್ಟ ಕಾರುಗಳನ್ನು ಎರಕ ಹೊಯ್ದರು. ಮುಂದೆ ಅವು 'ಟೂಟ್ಸಿಟಾಯ್' ಎಂದು ಹೆಸರಾದವು. 1934ರಲ್ಲಿ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯವರ ಕಂಪನಿ 'ಡಿಂಕಿ' ಹೆಸರನ್ನು ಬಳಕೆಗೆ ತಂದಿತು. 1953ರಲ್ಲಿ 'ಮ್ಯಾಚ್‌ಬಾಕ್ಸ್', 1968ರಲ್ಲಿ 'ಹಾಟ್ ವೀಲ್ಸ್' ಬಂದವು. ಬಳಸುವ ಲೋಹ ಸತು, ಅಲ್ಯೂಮಿನಿಯಂ, ಮೆಗ್ನೀಸಿಯಂ ಮೊದಲಾದವುಗಳ ಮಿಶ್ರಣ. ಅದರಲ್ಲಿ ಸೀಸದ ಕಲ್ಮಶ ಸೇರಿದರೆ ವರ್ಷಗಳ ನಂತರ ಮಾದರಿ ತಾನಾಗಿಯೇ ಬಿರಿದು ಪುಡಿಯಾಗುತ್ತದೆ. ಎರಡನೆಯ ಮಹಾಯುದ್ಧದ ಮುಂಚಿನ ಎಷ್ಟೋ ಆಟಿಗೆಗಳು ಹೀಗೆ ಹಾಳಾದವು. ಡಿಂಕಿಯ ಹಳೆಯ ಅಚ್ಚುಗಳಲ್ಲಿ ಕೆಲವು ಕಲ್ಕತ್ತೆಗೆ ಬಂದು, ಅಲ್ಲಿ 'ನಿಕ್ಕಿ' ಎಂಬ ಹೆಸರಿನಲ್ಲಿ ಕಾರುಗಳು ತಯಾರಾದದ್ದೂ ಉಂಟು.

ಈ ಮಾದರಿಗಳಲ್ಲಿ ಒಂದು ದೇಶದ ಮನಃಸ್ಥಿತಿಯನ್ನು ಓದಬಹುದು. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಮಾಡೆಲ್ ಟಿಯಲ್ಲಿ ಅಲಂಕಾರಕ್ಕೆ ಜಾಗವಿಲ್ಲ. ಅದು ದುಡಿಯುವವರ ವಾಹನ. 1959ರ ಕ್ಯಾಡಿಲಾಕ್‌ಗಾದರೋ ಹಿಂಬದಿಯಲ್ಲಿ ಆಕಾಶಕ್ಕೆ ಚಾಚಿದ ರೆಕ್ಕೆಗಳು! ಹಾರ್ಲಿ ಅರ್ಲ್ ಎಂಬ ವಿನ್ಯಾಸಕಾರರ ತಂಡ ಯುದ್ಧಕಾಲದ ಪಿ-38 ವಿಮಾನದ ಬಾಲವನ್ನು ಕಂಡು ಪ್ರೇರಿತವಾಗಿ 1948ರ ಕ್ಯಾಡಿಲಾಕ್‌ನಲ್ಲಿ ಈ ರೆಕ್ಕೆಗಳಿಗೆ ನಾಂದಿ ಹಾಡಿತ್ತು.

ಅಮೆರಿಕದಲ್ಲಿ ವಿಮಾನದ ಬಾಲ ಕಾರಿಗೆ ಬಂದರೆ, ನಮ್ಮಲ್ಲಿ ಕಾರಿನ ಕನಸು ವಿಮಾನವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳಲ್ಲಿ ಸಂಚರಿಸಿ ಮೋಟಾರು ಕಾರ್ಖಾನೆಗಳನ್ನು ಅಭ್ಯಸಿಸಿ ಬಂದು ಭಾರತದ ಮೋಟಾರು ಉದ್ಯಮಕ್ಕೊಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದರು ಕೈಜೋಡಿಸಿದರು. ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯಲು ಮೈಸೂರು ಸಂಸ್ಥಾನ ಆಸಕ್ತಿ ತೋರಿತು. ಆದರೆ ಬ್ರಿಟಿಷ್ ಭಾರತ ಸರ್ಕಾರದ ಬೆಂಬಲ ದೊರೆಯಲಿಲ್ಲ. ಯುದ್ಧದ ಒತ್ತಡದಲ್ಲಿ ಅದೇ ವಾಲಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದರು. ಅದೇ ಇಂದಿನ ಎಚ್.ಎ.ಎಲ್. ಮೋಟಾರಿನ ಕನಸು 1944ರಲ್ಲಿ ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಆಗಿ ರೂಪುಗೊಂಡು, 1947ರಿಂದ ಅಮೆರಿಕದ ಕ್ರೈಸ್ಲರ್ ಕಂಪನಿಯ ಡಾಡ್ಜ್, ಪ್ಲಿಮತ್, ಡಿಸೋಟೊ ಕಾರುಗಳು ಅಲ್ಲಿ ಜೋಡಣೆಯಾಗತೊಡಗಿದವು.

ಪ್ರೀಮಿಯರ್‌ನವರ ಡಾಡ್ಜ್, ಫಾರ್ಗೋ ಲಾರಿಗಳೇ ನಮ್ಮ ಸೀಮೆಗೆ ಬಂದ ನಿಜವಾದ ಅಮೆರಿಕ. ನನ್ನ ಬಾಲ್ಯದಲ್ಲಿ ಸಾಗವಾನಿ ದಿಮ್ಮಿ ಹೊತ್ತ ಲಾರಿಗಳು ಯಲ್ಲಾಪುರದಾಚೆ ಅರಬೈಲ್ ಘಟ್ಟವನ್ನು ಇಳಿಯುತ್ತಿದ್ದವು. 1966ರಲ್ಲಿ ಮುಂಡಗೋಡದಲ್ಲಿ ಟಿಬೆಟನ್ನರ ವಸಾಹತು ಆರಂಭವಾದ ಕಾಲದಲ್ಲಿ ನಮ್ಮ ಹುಡುಗರ ಕಣ್ಣಿಗೆ ಲಾರಿಗಿಂತ ದೊಡ್ಡ ಯಂತ್ರ ಬೇರೊಂದಿರಲಿಲ್ಲ. ಆ ಲಾರಿಗಳು ಸವೆದು ಗುಜರಿ ಸೇರಿ ಕಣ್ಮರೆಯಾದವು. ಬೆಲ್ ಏರ್ ಕಾರಿಗೆ ಎಷ್ಟೋ ಬಗೆಯ ಮಾದರಿಗಳು ಸಿಗುತ್ತವೆ, ಅದರ ಗುಂಡಿಯಿಂದ ಚಕ್ರದ ತಟ್ಟೆಯವರೆಗೆ ಎಲ್ಲವೂ ಅಚ್ಚೊತ್ತಿದಂತೆ. ದಿಮ್ಮಿ ಹೊತ್ತ ಘಟ್ಟದ ಫಾರ್ಗೋಗೆ ನನ್ನ ಕಪಾಟಿನಲ್ಲಿ ಒಂದೂ ಮಾದರಿಯಿಲ್ಲ.

ಇತಿಹಾಸದ ಶಿಕ್ಷಕನಾಗಿ ನನ್ನನ್ನು ಕಾಡುವುದು ಇದೇ. ಸಂಗ್ರಾಹಕನು ಕೂಡಿಡುವುದು ಗತಕಾಲವನ್ನಲ್ಲ, ಗತಕಾಲದಲ್ಲಿ ಯಾರೋ ಅಚ್ಚು ಹಾಕಲು ಯೋಗ್ಯವೆಂದು ಬಗೆದದ್ದನ್ನು ಮಾತ್ರ. ಅರಮನೆಯ ಕಾರು ಉಳಿಯುತ್ತದೆ, ದುಡಿದ ಲಾರಿ ಅಳಿಯುತ್ತದೆ. ಕಾರಿನ ಹೆಸರು ಉಳಿಯುತ್ತದೆ, ಕ್ಲೀನರ್ ಹುಡುಗನ ಹೆಸರು ಯಾವ ಪೆಟ್ಟಿಗೆಯ ಮೇಲೂ ಮುದ್ರಿತವಾಗುವುದಿಲ್ಲ.

ನಿಮ್ಮಲ್ಲಿ ಹಲವರ ಅಜ್ಜಂದಿರು, ತಂದೆಯವರು ಹಳಿಯಾಳ, ದಾಂಡೇಲಿ, ಜೋಯಿಡಾ ಕಡೆ ಲಾರಿ ನಡೆಸಿದವರು. ಮನೆಯಲ್ಲಿ ಲಾರಿಯ ಹಳೆಯ ಫೋಟೋ, ಪರವಾನಗಿ ಪುಸ್ತಕ, ಗ್ಯಾರೇಜಿನ ರಸೀದಿ ಏನಾದರೂ ಇದ್ದರೆ ಎಸೆಯಬೇಡಿ. ಹಿಂಬದಿಯಲ್ಲಿ ಇಸವಿ, ಊರು, ನಡೆಸಿದವರ ಹೆಸರು ಬರೆದಿಡಿ. ಪ್ರತಿಯೊಂದು ನನಗೂ ಕಳುಹಿಸಿದರೆ ಸಂತೋಷ.