ಖಾಲಿ ಬಿಟ್ಟ ಮನೆಗಳು

ಕವಲಂದೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ದಿನಗಳಲ್ಲಿ, ಆವರ್ತ ಕೋಷ್ಟಕದ ಪಾಠದ ನಡುವೆ ಹುಡುಗನೊಬ್ಬ ಎದ್ದು ಕೇಳಿದ: "ಸಾರ್, ನಾವು ಉತ್ತರ ಖಾಲಿ ಬಿಟ್ಟರೆ ಸೊನ್ನೆ, ಮೆಂಡಲೀವ್ ಬಿಟ್ಟರೆ ಕೀರ್ತಿಯೇ?" ತರಗತಿ ನಕ್ಕಿತು. ನಾನು ಗದರಿ ಕೂರಿಸಿದೆ. ಅಂದು ಕೊಡದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

1869ರಲ್ಲಿ ತಿಳಿದಿದ್ದ ಧಾತುಗಳು 63. ರಷ್ಯಾದ ಮೆಂಡಲೀವ್ ಅವುಗಳನ್ನು ಪರಮಾಣು ತೂಕದ ಕ್ರಮದಲ್ಲಿ ಜೋಡಿಸಿದಾಗ, ಒಂದೇ ಬಗೆಯ ಗುಣಗಳು ನಿಯತವಾಗಿ ಮರಳಿ ಬಂದವು. ಗುಣಕ್ಕೆ ಹೊಂದುವ ಧಾತು ದೊರೆಯದೆಡೆ ಆ ಮನೆಯನ್ನು ಖಾಲಿ ಬಿಟ್ಟರು. ಅಲ್ಲಿಗೆ ಬರಬೇಕಾದವಕ್ಕೆ ಸಂಸ್ಕೃತದ 'ಏಕ' ಸೇರಿಸಿ ಏಕ-ಬೋರಾನ್, ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್ ಎಂದು ಹೆಸರಿಟ್ಟರು. ಏಕ-ಸಿಲಿಕಾನಿನ ತೂಕ 72, ಸಾಂದ್ರತೆ 5.5 ಎಂದು 1871ರಲ್ಲೇ ಬರೆದರು. 1886ರಲ್ಲಿ ಜರ್ಮನಿಯ ವಿಂಕ್ಲರ್ ಜರ್ಮೇನಿಯಂ ಕಂಡುಹಿಡಿದು ಅಳೆದಾಗ ದೊರೆತದ್ದು ಸುಮಾರು 72.3 ಮತ್ತು 5.47!

ಆದರೂ ತೂಕದ ಕ್ರಮದಲ್ಲಿ ತೊಡಕಿತ್ತು: ಅಯೋಡಿನ್‌ಗಿಂತ ಭಾರವಾದ ಟೆಲ್ಯೂರಿಯಂ ಅದಕ್ಕಿಂತ ಮೊದಲೇ ಬರಬೇಕಿತ್ತು. 1913ರಲ್ಲಿ ಇಂಗ್ಲೆಂಡಿನ ಮೋಸ್ಲಿ, ಕ್ರಮಕ್ಕೆ ಆಧಾರ ತೂಕವಲ್ಲ, ಪರಮಾಣು ಸಂಖ್ಯೆ ಎಂದು ತೋರಿಸಿ ತೊಡಕು ಬಿಡಿಸಿದರು. ಇಂದು 7 ಅಡ್ಡಸಾಲು, 18 ಕಂಬಸಾಲುಗಳಲ್ಲಿ 118 ಧಾತುಗಳಿವೆ.

ಮಗೂ, ಮೆಂಡಲೀವ್ ಸುಮ್ಮನೆ ಖಾಲಿ ಬಿಡಲಿಲ್ಲ. ಅಲ್ಲಿ ಏನು ಬರಬೇಕೆಂದು ಲೆಕ್ಕ ಹಾಕಿ, ತಪ್ಪಾದರೆ ಜಗತ್ತೇ ನಗಲೆಂದು ಮೊದಲೇ ಅಚ್ಚು ಹಾಕಿಸಿದರು. ಕೀರ್ತಿ ಅದಕ್ಕೆ. ನಿನ್ನ ಪ್ರಶ್ನೆ ಒಳ್ಳೆಯದಿತ್ತು. ಗದರಿದ ತಪ್ಪು ನನ್ನದು.