ಅನಾನಸಿನ ಘಮದಿಂದ ಹೊಗೆಮಂಜಿನವರೆಗೆ

1943ರ ಜುಲೈ 26. ಲಾಸ್ ಏಂಜಲೀಸ್ ಪೇಟೆಯಲ್ಲಿ ಜನರ ಕಣ್ಣು ಉರಿಯತೊಡಗಿತು, ಗಂಟಲು ಕೆರೆಯಿತು, ಮೂರು ಬೀದಿ ಆಚೆಗಿನದು ಕಾಣದಾಯಿತು. ಯುದ್ಧದ ಕಾಲ. ಜಪಾನೀಯರು ವಿಷಾನಿಲ ಬಿಟ್ಟರೆಂದೇ ಕೆಲವರು ಬೆದರಿದರು. ಆಮೇಲೆ ಬೆರಳು ತಿರುಗಿದ್ದು ಅಲಿಸೊ ಬೀದಿಯ ಕಾರ್ಖಾನೆಯತ್ತ. ಕೃತಕ ರಬ್ಬರಿಗೆ ಬೇಕಾದ ಬ್ಯುಟಾಡೈಯೀನ್ ಅಲ್ಲಿ ತಯಾರಾಗುತ್ತಿತ್ತು. ಅದನ್ನು ನಿಲ್ಲಿಸಿ ನೋಡಿದರು. ಹೊಗೆಮಂಜು ನಿಲ್ಲಲಿಲ್ಲ.

ಲಂಡನ್ನಿನ ಮಂಜು ಕಲ್ಲಿದ್ದಲಿನದು, ಮಸಿ ಮತ್ತು ಗಂಧಕದ್ದು. ಹಾಗಾಗಿ ಇಲ್ಲಿಯೂ ಅಧಿಕಾರಿಗಳು ಮೊದಲು ಗಂಧಕದ ಬೆನ್ನು ಹತ್ತಿದರು. ಆದರೆ ಈ ಊರಿನ ಹೊಗೆಗೆ ಬೇರೆಯದೇ ಗುಣ: ಬಿಸಿಲು ಏರಿದಂತೆ ಅದೂ ಏರುತ್ತಿತ್ತು, ಸೊಪ್ಪಿನ ಎಲೆಗಳನ್ನು ಸುಡುತ್ತಿತ್ತು, ರಬ್ಬರನ್ನು ಸೀಳುತ್ತಿತ್ತು.

ಗುಟ್ಟು ಹಿಡಿದವರು ಹಾಲೆಂಡಿನಿಂದ ಬಂದಿದ್ದ ಆರಿ ಹಾಗೆನ್-ಸ್ಮಿಟ್. ಕ್ಯಾಲ್‌ಟೆಕ್‌ನಲ್ಲಿ ಅವರ ಕೆಲಸ ಅನಾನಸಿನ ಪರಿಮಳದ ರಾಸಾಯನಿಕ ಅಧ್ಯಯನ. ಹಣ್ಣಿನ ಘಮವನ್ನು ತಣಿಸಿ ಹನಿಯಾಗಿಸುವ ವಿದ್ಯೆಯನ್ನೇ ಅವರು ಊರಿನ ಗಾಳಿಗೆ ಹೂಡಿದರು. ಸಿಕ್ಕಿದ್ದು ಕಂದು ಬಣ್ಣದ, ದುರ್ನಾತದ ಕೆಲವು ಹನಿಗಳು. ಪರಿಮಳವೂ ಪೆಟ್ರೋಲಿನ ನಾತವೂ ರಾಸಾಯನಿಕವಾಗಿ ಒಂದೇ ಮನೆಯವು, ಸುಲಭವಾಗಿ ಆವಿಯಾಗುವ ಇಂಗಾಲದ ಸಂಯುಕ್ತಗಳು. ಮೂಗಿಗೆ ಮಾತ್ರ ಅವು ಬೇರೆ ಬೇರೆ. ಸಂಸ್ಕರಣಾಗಾರದ ಟ್ಯಾಂಕು, ಬಂಕು, ಕಾರು, ಬಣ್ಣದ ದ್ರಾವಕ ಎಲ್ಲೆಡೆಯಿಂದ ಮೇಲೇಳುವ ಈ ಆವಿಗಳು ನೈಟ್ರೋಜನ್ ಆಕ್ಸೈಡುಗಳ ಜೊತೆ ಬಿಸಿಲಿನಲ್ಲಿ ಬೆರೆತು ಓಝೋನ್ ಹುಟ್ಟಿಸುತ್ತವೆ ಎಂದು ಅವರು ತೋರಿಸಿದರು. ಯಾವ ಚಿಮಣಿಯಿಂದಲೂ ಹೊರಬೀಳದ ವಿಷ ಗಾಳಿಯಲ್ಲೇ ತಯಾರಾಗುತ್ತಿತ್ತು. ಓಝೋನನ್ನು ಅಳೆಯಲು ಅವರು ಬಳಸಿದ್ದು ಬಗ್ಗಿಸಿಟ್ಟ ರಬ್ಬರ್ ಪಟ್ಟಿಗಳನ್ನು. ಬಿರುಕು ಬೀಳಲು ಹಿಡಿದ ಹೊತ್ತೇ ಲೆಕ್ಕ. ಎಂಥ ಅಗ್ಗದ ಮಾಪಕ!

ತೈಲ ಕಂಪನಿಗಳ ಹಣದಿಂದ ಸಂಶೋಧನೆ ನಡೆಸುತ್ತಿದ್ದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದನ್ನು ಒಪ್ಪಲಿಲ್ಲ. ಅದರವರು ಕ್ಯಾಲ್‌ಟೆಕ್‌ಗೇ ಬಂದು, ಹಾಗೆನ್-ಸ್ಮಿಟ್ ಎದುರಿನಲ್ಲೇ ಅವರ ಕೆಲಸವನ್ನು ಟೀಕಿಸಿದರು. ಆ ಸಿಟ್ಟೇ ಅವರನ್ನು ಅನಾನಸಿನಿಂದ ಬಿಡಿಸಿ ಹೊಗೆಗೆ ಕಟ್ಟಿಹಾಕಿತು. ಕಂಪನಿಗಳಿಗೆ ಇದು ಬರೀ ವಿಜ್ಞಾನದ ತಕರಾರಾಗಿರಲಿಲ್ಲ, ದುಡ್ಡಿನ ಪ್ರಶ್ನೆಯೂ ಆಗಿತ್ತು.

ಪರಿಹಾರಗಳು ಒಂದೊಂದಾಗಿ ಬಂದವು. ಎಣ್ಣೆಯ ಮೇಲೆಯೇ ತೇಲುವ ಮುಚ್ಚಳ ಹಾಕಿದರೆ ಟ್ಯಾಂಕಿನಲ್ಲಿ ಆವಿ ತುಂಬಲು ಜಾಗವೇ ಇರದು. ದ್ರಾವಕದ ಆವಿಯನ್ನು ಸಕ್ರಿಯ ಇದ್ದಿಲಿಗೆ ಹೀರಿಸಬಹುದು, ಇಲ್ಲವೇ ಸುಟ್ಟುಬಿಡಬಹುದು. 1966ರಲ್ಲಿ ಲಾಸ್ ಏಂಜಲೀಸ್ ಕೌಂಟಿ 'ರೂಲ್ 66' ತಂದು, ಬಿಸಿಲಿನಲ್ಲಿ ಚುರುಕಾಗಿ ವರ್ತಿಸುವ ದ್ರಾವಕಗಳಿಗೆ ಕಡಿವಾಣ ಹಾಕಿತು. ಬಣ್ಣದ ಡಬ್ಬಿಯೊಳಗಿನ ಪಾಕವೇ ಬದಲಾಗಬೇಕಾಯಿತು. 1968ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ ಶುರುವಾದಾಗ ಅದರ ಮೊದಲ ಅಧ್ಯಕ್ಷರಾದವರು ಅದೇ ಅನಾನಸಿನ ಪ್ರೊಫೆಸರ್.