ಹೊಸ ವಿಮಾನಗಳ ಸ್ಟಾಲ್ ಪರೀಕ್ಷೆ

ರೆಕ್ಕೆಯ ಮೈಗೆ ಹೊಂದಿಕೊಂಡು ಗಾಳಿಯು ಹರಿಯುವವರೆಗೆ ಮಾತ್ರ ವಿಮಾನವು ಆಕಾಶದಲ್ಲಿ ನಿಲ್ಲಬಲ್ಲದು. ಮೂಗು ಅತಿಯಾಗಿ ಮೇಲೆದ್ದಾಗ ಆ ಹರಿವು ಚೆದರಿ, ಎತ್ತುವ ಬಲವು ಕುಸಿಯುತ್ತದೆ. ಈ ಸ್ಥಿತಿಗೆ ವೈಮಾನಿಕರು ಸ್ಟಾಲ್ ಎಂದು ಹೆಸರಿಟ್ಟಿರುವರು. ಪ್ರಯಾಣಿಕರನ್ನು ಹೊರುವುದಕ್ಕೆ ಮೊದಲು ಪ್ರತಿಯೊಂದು ಹೊಸ ಮಾದರಿಯೂ ಈ ಸ್ಥಿತಿಗೆ ಇಳಿದು, ಅದರಿಂದ ಹೊರಬರಬಲ್ಲುದೆಂಬುದನ್ನು ತೋರಿಸಬೇಕು. ಪರೀಕ್ಷಕರು ಅಪಾಯವನ್ನು ತಾವಾಗಿಯೇ ಅರಸಿ ಹೋಗಬೇಕಾದುದು ಈ ಕಾರಣದಿಂದಲೇ.

ಈ ಅಪಾಯದ ಪೂರ್ಣಸ್ವರೂಪವು ಜೆಟ್ ಯುಗದಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಬಿ.ಎ.ಸಿ. ಒನ್-ಇಲೆವೆನ್ ವಿಮಾನದಲ್ಲಿ ಯಂತ್ರಗಳು ಹಿಂಭಾಗದಲ್ಲಿಯೂ, ಅಡ್ಡಬಾಲವು ನಿಲುಬಾಲದ ತುದಿಯಲ್ಲಿಯೂ ಇದ್ದವು. ಮೂಗು ಬಹಳ ಮೇಲೆದ್ದಾಗ ರೆಕ್ಕೆಯಿಂದ ಚೆದರಿದ ಗಾಳಿಯು ಆ ಅಡ್ಡಬಾಲವನ್ನೇ ಮುಸುಕುತ್ತಿದ್ದಿತು. ಆಗ ಮೂಗನ್ನು ತಗ್ಗಿಸುವ ಸಾಧನವು ನಿಷ್ಫಲವಾಗುತ್ತಿದ್ದಿತು. 1963ನೆಯ ಆಗಸ್ಟ್ 20ರಂದು ಮೊದಲು ಹಾರಿದ ಈ ವಿಮಾನವು ಅದೇ ಅಕ್ಟೋಬರ್ 22ರಂದು ಸ್ಟಾಲ್ ಪರೀಕ್ಷೆಯಲ್ಲಿ ಬಿದ್ದು, ಮೈಕ್ ಲಿತ್‌ಗೋ ಮೊದಲಾದ ಏಳು ಮಂದಿ ಮೃತರಾದರು. 1953ರಲ್ಲಿ ಜಗತ್ತಿನ ವಿಮಾನವೇಗದ ದಾಖಲೆಯನ್ನು ಸ್ಥಾಪಿಸಿದ್ದವನು ಈ ಲಿತ್‌ಗೋ. ಅಂಥವನ ಕೌಶಲವೂ ಇಲ್ಲಿ ಸಾಲದಾಯಿತು. 1966ನೆಯ ಜೂನ್ 3ರಂದು ಅಂತಹುದೇ ಬಾಲವುಳ್ಳ ಟ್ರೈಡೆಂಟ್ ವಿಮಾನವೊಂದು ಇದೇ ಬಗೆಯ ಪರೀಕ್ಷೆಯಲ್ಲಿ ಬೀಳಲು, ಅದರಲ್ಲಿದ್ದ ನಾಲ್ವರೂ ಅಳಿದರು.

ಕರ್ನಾಟಕದಲ್ಲಿಯೂ ಈ ವಿದ್ಯೆಗೆ ತೆತ್ತ ಬೆಲೆಯು ಅಲ್ಪವಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ನಿರ್ಮಿಸಿದ ಎಚ್.ಜೆ.ಟಿ.-36 ಎಂಬ ಜೆಟ್ ತರಬೇತಿ ವಿಮಾನವು 2003ರಲ್ಲಿ ಮೊದಲು ಹಾರಿತು. ಆದರೆ ಸ್ಟಾಲ್ ಮತ್ತು ಗಿರಕಿಯ ದೋಷಗಳಿಂದ ಬಹುಕಾಲ ಹಿಂದುಳಿಯಿತು. ನಿಲುಬಾಲವನ್ನು ಹಿಂದಕ್ಕೆ ಸರಿಸಿ, ಚುಕ್ಕಾಣಿಯನ್ನು ವಿಸ್ತರಿಸಿದ ಬಳಿಕ, ಎಡಬಲಗಳೆರಡಕ್ಕೂ ಆರಾರು ಸುತ್ತಿನ ಗಿರಕಿಯಿಂದ ಹೊರಬರಬಲ್ಲುದೆಂದು 2022ರಲ್ಲಿ ಸಂಸ್ಥೆಯು ಪ್ರಕಟಿಸಿತು. ಸ್ಟಾಲ್ ಪರೀಕ್ಷೆಯಲ್ಲದಿದ್ದರೂ, ಪ್ರಯಾಣಿಕ ವಿಮಾನವಾದ ಸಾರಸ್‌ನ ಎರಡನೆಯ ಮಾದರಿಯ ದುರಂತವೂ ಇಲ್ಲಿ ಸ್ಮರಣೀಯ. ನಿಲ್ಲಿಸಿದ ಯಂತ್ರವನ್ನು ಹಾರಾಟದಲ್ಲಿಯೇ ಮತ್ತೆ ಚಾಲನೆಗೊಳಿಸುವ ಪರೀಕ್ಷೆಯಲ್ಲಿ ಅದು 2009ನೆಯ ಮಾರ್ಚ್ 6ರಂದು ಬಿಡದಿಯ ಬಳಿ ಬಿದ್ದು, ವಾಯುಪಡೆಯ ಮೂವರು ಅಧಿಕಾರಿಗಳು ಮಡಿದರು. ಆ ಪರೀಕ್ಷೆಗೆ ಸಾಲದಷ್ಟು ಎತ್ತರವೂ ತಪ್ಪು ಕ್ರಮವೂ ಕಾರಣಗಳೆಂದು ತನಿಖೆಯು ಹೇಳಿತು.

ತರಬೇತಿ ವಿಮಾನದ ಚಾಲಕರಿಗೆ ಹೊರಚಿಮ್ಮುವ ಆಸನವುಂಟು. ಪ್ರಯಾಣಿಕ ವಿಮಾನದ ಪರೀಕ್ಷಕರಿಗೆ ಅದಿಲ್ಲ. ಅವರಿಗೆ ರಕ್ಷೆಯಾಗಿ ಉಳಿಯುವುದು ಎತ್ತರ, ಪೂರ್ವನಿಶ್ಚಿತ ಕ್ರಮ, ಮತ್ತು ಮೇರೆಯನ್ನು ಮೀರದ ಸಂಯಮ. ಒನ್-ಇಲೆವೆನ್ ಬಿದ್ದ ತರುವಾಯ ಅದರ ರೆಕ್ಕೆಯ ಮುಂಚನ್ನು ತಿದ್ದಿದರು. ಸ್ಟಾಲ್ ಸಮೀಪಿಸಿದಾಗ ಚಾಲನದಂಡವನ್ನು ತಾನಾಗಿಯೇ ಮುಂದಕ್ಕೆ ತಳ್ಳುವ ಯಂತ್ರವನ್ನು ಅಳವಡಿಸಿದರು. ಪ್ರಯಾಣಿಕನು ಅರಿಯದೆಯೇ ಪಡೆಯುವ ಕ್ಷೇಮದಲ್ಲಿ ಆ ಏಳು ಜೀವಗಳ ಋಣವುಂಟು.